ಹದಿನೇಳು ಕೆಂಪು ಚುಕ್ಕಿ

ಇದನ್ನು ಹೇಳುವ ಹಕ್ಕು ನನಗಿದೆಯೇ ಎಂಬ ಅನುಮಾನ ಇನ್ನೂ ಹೋಗಿಲ್ಲ, ತಪ್ಪಿದ್ದರೆ ಮನ್ನಿಸಬೇಕು. ಹೇಳಬೇಕಾದವನು ಎಲ್ಮೆರ್. ಅವನು ಹೇಳುವುದಿಲ್ಲ.

ಮೈಕು ಕೈಗೆ ಬಂದಾಗ ತಾನು ಏನು ಹೇಳಲಿದ್ದೇನೆಂದು ಶಿಬಿರದ ಮೇಷ್ಟ್ರು ಎಲ್ಮೆರ್ ಪಗಾದ್ವಾನನಿಗೆ ಗೊತ್ತಿತ್ತು. ಆದ್ದರಿಂದ ಅವನು ಅದನ್ನು ಕೇಳಿಸಿಕೊಳ್ಳಲಿಲ್ಲ. "ಹೆದರದೆ ಸತ್ಯ ಹೇಳುವವನೇ ನಾಯಕ." ಬ್ಯಾಸ್ಕೆಟ್‌ಬಾಲ್ ಅಂಗಳದ ತಗಡಿನ ಚಾವಣಿಗೆ ಬಡಿದು ಮಾತು ಅವನ ಕಡೆಗೇ ಮರಳಿತು. ನಲವತ್ತು ಮಕ್ಕಳು ಚಪ್ಪಾಳೆ ತಟ್ಟಿದರು. ಎಲ್ಲರದೂ ಒಂದೇ ಹಳದಿ ಅಂಗಿ. ಬೆನ್ನ ಮೇಲೆ ಶಿಬಿರ ನಡೆಸುವ ಪ್ರತಿಷ್ಠಾನದ ಹೆಸರು, ಕೆಳಗೆ 'ನಾಳೆಯ ನಾಯಕರು'.

ಹನ್ನೆರಡು ಭಾನುವಾರಗಳ ಶಿಬಿರದ ಕೊನೆಯ ಭಾನುವಾರ. ವಾರ್ಡಿನ ಹುಡುಗ ಹುಡುಗಿಯರು ತಮ್ಮ ಓಣಿಯ ಸಮಸ್ಯೆಯನ್ನು ತಾವೇ ಗುರುತಿಸಿ, ವಾರ್ಡಿನ ಚುನಾಯಿತ ಮುಖ್ಯಸ್ಥನಾದ ಕಪ್ತಾನನ ಮುಂದೆ ಮಂಡಿಸಬೇಕು. ಗುರುತಿಸುವ ಬಗೆಯನ್ನು ಪ್ರತಿಷ್ಠಾನದ ಕೈಪಿಡಿ ಹೇಳಿಕೊಡುತ್ತಿತ್ತು. ಓಣಿಯ ನಕ್ಷೆ ಬರೆಯಿರಿ. ನೀರಿಲ್ಲದ ಮನೆಗೆ ನೀಲಿ ಚುಕ್ಕಿ ಅಂಟಿಸಿ, ಶಾಲೆ ಬಿಟ್ಟ ಮಕ್ಕಳಿರುವ ಮನೆಗೆ ಹಸಿರು, ನಶೆ ಹತ್ತಿದವರಿರುವ ಮನೆಗೆ ಕೆಂಪು. ಕೈಪಿಡಿ ಬರೆದವರು ಬೇರೆ ದೇಶದವರು; ಅಲ್ಲಿ ಕೆಂಪು ಚುಕ್ಕಿ ಬಿದ್ದ ಮನೆಗೆ ವೈದ್ಯರು ಬರುತ್ತಿದ್ದಿರಬಹುದು.

ಇಲ್ಲಿ ಆ ವರ್ಷ ಪೊಲೀಸರು ಬರುತ್ತಿದ್ದರು. ಕೈಯಲ್ಲಿ ನಶೆ ಹತ್ತಿದವರ ಹೆಸರಿನ ಪಟ್ಟಿ. ಬಾಗಿಲು ತಟ್ಟಿದಾಗ ಹೊರಗೆ ಬಂದವರಲ್ಲಿ ಕೆಲವರು ಠಾಣೆಯಲ್ಲಿ ಸಹಿ ಹಾಕಿ ಮನೆಗೆ ಮರಳಿದರು. ಕೆಲವರು ಮರಳಲಿಲ್ಲ. ಪಟ್ಟಿ ಕಪ್ತಾನನ ಆಫೀಸಿನಲ್ಲಿ ತಯಾರಾಗುತ್ತದೆಂದು ಯಾರೂ ಹೇಳುತ್ತಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಎಲ್ಮೆರ್‌ಗೂ ಗೊತ್ತಿತ್ತು. ಎರಡು ವಾರದ ಹಿಂದೆ ಮಕ್ಕಳು ನೆಲದ ಮೇಲೆ ಮಂಡಿಯೂರಿ ಕೆಂಪು ಚುಕ್ಕಿ ಅಂಟಿಸುವಾಗ ಅವನು ನಿಲ್ಲಿಸಿ ಎನ್ನಲು ಹೊರಟಿದ್ದ. ಆಗ ಪ್ರತಿಷ್ಠಾನದ ಅಧಿಕಾರಿ ಮಿಸ್ ಕೊನ್ಸೆಪ್ಸಿಯೋನ್ ಫೋನು ಹಿಡಿದು ಚಿತ್ರೀಕರಿಸುತ್ತಿದ್ದಳು. ಸಂಜೆ ಕಾಲೇಜಿನಲ್ಲಿ ಓದಿ ಪದವಿ ಪಡೆದ ತನಗೆ ಕೈಪಿಡಿಯನ್ನು ತಿದ್ದುವ ಯೋಗ್ಯತೆ ಇದೆಯೇ? "ತುಂಬಾ ಪ್ರಾಮಾಣಿಕವಾಗಿದೆ," ಎಂದಿದ್ದ. ಆ ಮಾತು ಚಿತ್ರದಲ್ಲಿ ದಾಖಲಾಗಿದೆ.

ಇವತ್ತು ಅದೇ ನಕ್ಷೆಗೆ ಮೊದಲ ಬಹುಮಾನ.

ಅದನ್ನು ಮಂಡಿಸಿದವಳು ಹದಿನೈದರ ಜೆಸ್ಸಾ. ಕಾಲುವೆಯ ಅಂಚಿನ ಕೊನೆಯ ಸಾಲಿನವಳು. "ಇದು ನಮ್ಮನೆ," ಎಂದು ಒಂದು ಕೆಂಪು ಚುಕ್ಕಿಯ ಮೇಲೆ ಬೆರಳಿಟ್ಟಳು. "ಬೇರೆಯವ್ರ ಮನೆ ತೋರ್ಸೋಕ್ಕೆ ಮುಂಚೆ ನಮ್ಮನೇದನ್ನ ತೋರ್ಸಬೇಕು ಅಂತ ಎಲ್ಮೆರ್ ಸರ್ ಹೇಳ್ಕೊಟ್ಟಿದಾರೆ. ನಮ್ಮಣ್ಣ ನಶೆ ಬಿಟ್ಟು ಎಂಟು ತಿಂಗಳಾಯ್ತು. ಆದ್ರೂ ಅವನಿಗೆ ಸಹಾಯ ಬೇಕು."

ತಾನು ಹಾಗೆ ಹೇಳಿದ್ದೆನೇ? ಎಲ್ಮೆರ್ ನೆನಪಿಸಿಕೊಳ್ಳಲು ನೋಡಿದ. ಹೇಳಿರಬೇಕು. ಅವನು ಹೇಳುವಂಥ ಮಾತೇ.

ಕಪ್ತಾನ ಎದ್ದು ಬಂದ. ಸಣಕಲು ಮನುಷ್ಯ, ಮೆಲುದನಿ. ಹಿರಿಯರಿಗೆ ನಮಸ್ಕರಿಸುವ ರೀತಿಯಲ್ಲಿ ಜೆಸ್ಸಾ ಅವನ ಕೈ ತೆಗೆದುಕೊಂಡು ಹಣೆಗೆ ಒತ್ತಿಕೊಂಡಳು.

"ನಿಮ್ಮಣ್ಣ ನೊಯೆಲ್‌ನ ಜ್ಞಾನಸ್ನಾನದ ದಿನ ಎತ್ಕೊಂಡಿದ್ದೋನು ನಾನೇ ಗೊತ್ತಾ?" ಎಂದ ಕಪ್ತಾನ. "ನನ್ನ ಅಂಗಿ ಮೇಲೆ ಉಚ್ಚೆ ಹೊಯ್ದಿದ್ದ. ಇನ್ನೂ ವಾಸನೆ ಹೋಗಿಲ್ಲ."

ಮಕ್ಕಳೆಲ್ಲ ನಕ್ಕರು. ಕಪ್ತಾನ ನಕ್ಷೆಯ ಹತ್ತಿರ ಬಗ್ಗಿದ. ಕನ್ನಡಕ ಹಾಕಿಕೊಂಡ. ನೀಲಿ ಚುಕ್ಕಿಗಳನ್ನು ದಾಟಿ ಅವನ ಕಣ್ಣು ಮುಂದೆ ಹೋದದ್ದು ಎಲ್ಮೆರ್‌ಗೆ ಕಂಡಿತು. ಅಥವಾ ಕಂಡಂತೆ ಅನಿಸಿತು.

"ಚೆನ್ನಾಗಿದೆ ಮೇಷ್ಟ್ರೇ. ಇದನ್ನ ಆಫೀಸಲ್ಲಿ ಗೋಡೆಗೆ ಹಾಕ್ತೀನಿ."

"ವರದಿಗೆ ಬೇಕಾಗುತ್ತೆ ಸರ್."

"ವರದಿಗೆ ಫೋಟೋ ಸಾಕಲ್ವಾ?"

"ಸಾಕು ಸಾಕು," ಎಂದಳು ಮಿಸ್ ಕೊನ್ಸೆಪ್ಸಿಯೋನ್. "ಕಪ್ತಾನರು ಕೇಳೋದೇ ದೊಡ್ಡದು. ಎಲ್ಮೆರ್, ಊಟ ಆದ್ಮೇಲೆ ಕೊಟ್ಬಿಡಿ."

ಎಲ್ಮೆರ್ ತಲೆಯಾಡಿಸಿದ. ಮುಂದಿನ ತಿಂಗಳಿನಿಂದ ಅವನ ಕೆಲಸ ಕಾಯಂ ಆಗುವುದಿತ್ತು.

ಮೂರು ಗಂಟೆ ಮೀರಿ ಊಟಕ್ಕೆ ಪಾನ್ಸಿತ್ ಶಾವಿಗೆ ಬಂತು. ಎಲ್ಮೆರ್ ತಟ್ಟೆ ಹಿಡಿದು ನಿಂತಾಗ ಡಾಂಡಿ ಎಂಬ ಹುಡುಗ ಪಕ್ಕಕ್ಕೆ ಬಂದ.

"ಸರ್, ಉಣ್ತಿಲ್ಲ ನೀವು. ಡಯಟ್ಟಾ?"

"ಹೌದು."

"ಯಾರಿಗೋಸ್ಕರ ಸರ್? ಮಿಸ್‌ಗೋಸ್ಕರನಾ?"

"ಹೋಗೋ ನಿನ್ನ."

ಹುಡುಗ ನಗುತ್ತ ಹೋದ. ಎಲ್ಮೆರ್ ತಟ್ಟೆಯನ್ನು ಕುರ್ಚಿಯ ಮೇಲಿಟ್ಟು, ನಕ್ಷೆಯನ್ನು ಸುತ್ತಿಕೊಂಡು ವೇದಿಕೆಯ ಹಿಂದಕ್ಕೆ ಹೋದ. ಯಾರಾದರೂ ಕೇಳಿದರೆ ಅಂಚು ಸರಿಮಾಡುತ್ತಿದ್ದೇನೆ ಎನ್ನುವುದೆಂದುಕೊಂಡ. ಯಾರೂ ಕೇಳಲಿಲ್ಲ.

ಹರಿದುಹಾಕಬಹುದಿತ್ತು. ಹರಿದರೆ ಕಾರಣ ಹೇಳಬೇಕು. ಕಾರಣ ಹೇಳಿದರೆ ಕಪ್ತಾನನ ಮೇಲೆ ಆರೋಪ ಹೊರಿಸಿದಂತೆ. ಅರ್ಧ ವಾರ್ಡಿನ ಮಕ್ಕಳನ್ನು ಜ್ಞಾನಸ್ನಾನದ ದಿನ ಎತ್ತಿಕೊಂಡ ಮನುಷ್ಯ. ಅವನಿಗೆ ಅಂಥ ಉದ್ದೇಶವೇ ಇಲ್ಲದಿದ್ದರೆ? ಎಲ್ಮೆರ್ ನಕ್ಷೆಯನ್ನು ನೆಲದ ಮೇಲೆ ಹಾಸಿ ಮೊದಲ ಕೆಂಪು ಚುಕ್ಕಿಯ ಅಂಚಿಗೆ ಉಗುರು ಹಾಕಿದ.

ಚುಕ್ಕಿ ಬಂತು. ಅದರ ಜೊತೆ ಕಾಗದದ ಮೇಲ್ಪದರವೂ ಬಂತು. ಬಾದಾಮಿ ಬಣ್ಣದ ಅಗ್ಗದ ಕಾಗದ. ಚುಕ್ಕಿ ಇದ್ದಲ್ಲಿ ಅಷ್ಟೇ ಅಗಲದ ಬಿಳಿಚಿದ ಗುಂಡು ಗಾಯ ಉಳಿಯಿತು. ಉಗುಳು ಹಚ್ಚಿ ಇನ್ನೊಂದನ್ನು ಕಿತ್ತ. ಅದೂ ಹಾಗೆಯೇ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಎರಡು ಮಾತ್ರ ಕಿತ್ತರೆ ಆ ಎರಡು ಮನೆಗಳು ಯಾರವು ಎಂಬ ಪ್ರಶ್ನೆ ಬರುತ್ತದೆ. ಹದಿನೇಳನ್ನೂ ಕಿತ್ತ.

"ಸರ್?"

ಜೆಸ್ಸಾ. ಕೊರಳಲ್ಲಿ ಪದಕ.

"ನಮ್ಮನೇದೂ ತೆಗೆದ್ರಾ?"

"ಎಲ್ಲಾದೂ."

"ಯಾಕೆ ಸರ್? ತಪ್ಪಾಗಿತ್ತಾ?"

"ಇಲ್ಲ. ನೋಡೋಕೆ ಅಷ್ಟು ಚೆನ್ನಾಗಿರ್ಲಿಲ್ಲ."

"ಬಹುಮಾನ ಬಂದಿದ್ದೇ ಅದಕ್ಕಲ್ವಾ?"

ಅವನ ಬೆರಳ ತುದಿಗಳಲ್ಲಿ ಅಂಟಿನ ಜಿಗಿ.

"ನಿಮ್ಮಣ್ಣ ಎಲ್ಲಿದಾನೆ ಈಗ?"

"ಮನೇಲಿ. ಮಲಗಿರ್ತಾನೆ. ಬೇಕರಿಲಿ ನೈಟ್ ಡ್ಯೂಟಿ ಅಲ್ವಾ? ಯಾಕೆ ಸರ್?"

"ಸುಮ್ನೆ ಕೇಳ್ದೆ."

ಅವಳು ನಕ್ಷೆಯನ್ನು ನೋಡಿದಳು. ಆಮೇಲೆ ಅವನನ್ನು. ಅವಳ ಮುಖದಲ್ಲಿದ್ದ ಏನೋ ಒಂದು ನಿಧಾನವಾಗಿ ಹಿಂದೆ ಸರಿಯಿತು.

"ಕಪ್ತಾನರು ಸಹಾಯ ಮಾಡ್ತಾರಲ್ವಾ ಸರ್?"

"ಮಾಡ್ತಾರೆ," ಎಂದ ಎಲ್ಮೆರ್. ಎಷ್ಟು ಬೇಗ ಹೇಳಿಬಿಟ್ಟೆ ಎಂದು ಅವನಿಗೇ ಆಶ್ಚರ್ಯವಾಯಿತು. "ಆದ್ರೂ ಜೆಸ್ಸಾ, ಅಣ್ಣಂಗೆ ಹೇಳು, ಸ್ವಲ್ಪ ದಿನ ಎಲ್ಲಾದ್ರೂ..."

"ಎಲ್ಮೆರ್! ಎಲ್ಲಿ ಮಾಯವಾದ್ರಿ?" ಮಿಸ್ ಕೊನ್ಸೆಪ್ಸಿಯೋನ್ ಪರದೆ ಸರಿಸಿದಳು. "ಫೋಟೋ ತೆಗೀಬೇಕು. ಕಪ್ತಾನರಿಗೆ ಬೇರೆ ಕಡೆ ಹೋಗೋದಿದೆ. ಬಾಮ್ಮ, ನೀನೇ ನಮ್ಮ ಸ್ಟಾರು."

ಹುಡುಗಿಯ ಹೆಗಲ ಮೇಲೆ ಕೈಹಾಕಿ, ನಕ್ಷೆಯನ್ನೂ ಎತ್ತಿಕೊಂಡು ಹೋದಳು. ಎಲ್ಮೆರ್‌ನ ವಾಕ್ಯ ಅಲ್ಲೇ ಉಳಿಯಿತು.

ಮಕ್ಕಳು ಅಂಗಳದ ಪಡುವಣ ಅಂಚಿನಲ್ಲಿ ಸಾಲಾಗಿ ನಿಂತರು. ಆ ಬದಿಗೆ ಗೋಡೆಯಿಲ್ಲ. ಇಳಿಬಿಸಿಲು ನೇರ ಬೆನ್ನಿಗೆ ಹೊಡೆಯುತ್ತಿತ್ತು. ಡಾಂಡಿ ನಕ್ಷೆಯ ಒಂದು ಮೂಲೆಯನ್ನು ಎತ್ತಿ ಹಿಡಿದ, ಜೆಸ್ಸಾ ಇನ್ನೊಂದನ್ನು. ಅವಳ ಪಕ್ಕಕ್ಕೆ ಕಪ್ತಾನ.

"ನೀವೇ ತೆಗೀರಿ," ಎಂದು ಮಿಸ್ ಕೊನ್ಸೆಪ್ಸಿಯೋನ್ ತನ್ನ ಫೋನನ್ನು ಎಲ್ಮೆರ್‌ನ ಕೈಗಿಟ್ಟು ಸಾಲಿಗೆ ಸೇರಿಕೊಂಡಳು.

ಅವನು ಫೋನನ್ನು ಮೇಲೆತ್ತಿದ. ಪರದೆಯಲ್ಲಿ ಮುಖಗಳು ಕಪ್ಪಾಗಿದ್ದವು. ಓಣಿಗಳ ಗೆರೆ ಕಾಣುತ್ತಿರಲಿಲ್ಲ, ಕಾಲುವೆ ಕಾಣುತ್ತಿರಲಿಲ್ಲ, ನೀಲಿ ಹಸಿರು ಒಂದೇ ಮಸಿಯಾಗಿದ್ದವು. ಕಾಗದ ತೆಳುವಾದಲ್ಲೆಲ್ಲ ಬಿಸಿಲು ತೂರಿ ಬರುತ್ತಿತ್ತು. ಹದಿನೇಳು ಕಡೆ. ಅಷ್ಟು ಪ್ರಕಾಶ ಕೆಂಪಿಗೆ ಇರಲಿಲ್ಲ.

ಜೆಸ್ಸಾ ನಗುತ್ತಿರಲಿಲ್ಲ. ನಕ್ಷೆಯನ್ನು ಕೆಳಗಿಳಿಸಲು ನೋಡಿದಳು. ಕಪ್ತಾನ ಕೈಚಾಚಿ ಅವಳ ಮೂಲೆಯನ್ನು ತಾನೇ ಎತ್ತಿ ಹಿಡಿದ.

"ಬಂತಾ ಸರ್?" ಕೂಗಿದ ಡಾಂಡಿ. "ಕೈ ನೋಯ್ತಿದೆ."

"ಇನ್ನೊಂದು," ಎಂದ ಎಲ್ಮೆರ್.

ಆ ನಕ್ಷೆ ಆಫೀಸಿನ ಗೋಡೆಗೆ ಹೋಯಿತೋ, ಬೇರೆಲ್ಲಿಗೋ, ನನಗೆ ಗೊತ್ತಿಲ್ಲ. ಜೆಸ್ಸಾ ಸಂಜೆ ಮನೆಗೆ ಹೋಗಿ ಅಣ್ಣನನ್ನು ಎಬ್ಬಿಸಿದಳೋ, ಎಬ್ಬಿಸಿ ಏನು ಹೇಳಿದಳೋ, ಅದೂ ಗೊತ್ತಿಲ್ಲ.