ಶಶಿ ಸರ್

"ಕೊನೆಗೂ ಕೈಗೆ ಸಿಕ್ಕಿದ್ರಲ್ಲ ಶಶಿ ಸರ್," ಎನ್ನುತ್ತ ಸಾದಿಕ್ ಕುರ್ಚಿಯಿಂದೆದ್ದು ಎರಡೂ ಕೈ ಚಾಚಿದ. ಆ ಕೈಗಳನ್ನು ಹಿಡಿದು ಕುಲುಕಿದವನು ಕಾಂತೇಶ್. ಅವನ ಹಿಂದೆ ಬ್ಯಾಗನ್ನು ಎದೆಗವಚಿಕೊಂಡು ನಿಂತಿದ್ದ ಶಶಿರೇಖಾ, ತನ್ನ ಹೆಸರು ಗಂಡನ ಮೈಮೇಲೆ ಹೋಗಿ ಕೂತದ್ದನ್ನು ಸುಮ್ಮನೆ ನೋಡಿದಳು.

"ಇವ್ರು ನಮ್ಮನೆಯವ್ರು. ಪೇಟೇಲಿ ಏನೋ ತಗೋಬೇಕಂತೆ, ಜೊತೇಲೇ ಬಂದ್ರು," ಎಂದ ಕಾಂತೇಶ್.

ತುಮಕೂರು ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲು. ಭಾನುವಾರದ ಗದ್ದಲ. ಸಾದಿಕ್ ಕುಣಿಗಲ್ಲಿನಲ್ಲಿ ಮೊಬೈಲ್ ಅಂಗಡಿ ಇಟ್ಟವನು. ಅವನ ಪಕ್ಕದಲ್ಲಿ ಕೂತಿದ್ದ ಲಕ್ಷ್ಮೀಕಾಂತ್ ತುಮಕೂರಿನಲ್ಲೇ ಕಾಲೇಜು ಮೇಷ್ಟ್ರು. ಇಬ್ಬರ ಮುಖವನ್ನೂ ಶಶಿರೇಖಾ ನೋಡುತ್ತಿದ್ದುದು ಇದೇ ಮೊದಲು. ಆದರೆ ಸಾದಿಕ್‌ಗೆ ಭೂಗೋಳವೆಂದರೆ ಪ್ರಾಣ, ಇಸವಿಗಳು ಮಾತ್ರ ಕೈಕೊಡುತ್ತವೆ ಎಂಬುದು ಅವಳಿಗೆ ಗೊತ್ತಿತ್ತು. ಸೋತ ದಿನ ಲಕ್ಷ್ಮೀಕಾಂತ್ ಮುನಿಸಿಕೊಂಡು ಗುಂಪಿನ ಕಡೆ ತಲೆ ಹಾಕುವುದಿಲ್ಲ ಎಂಬುದೂ ಗೊತ್ತಿತ್ತು.

ಗುಬ್ಬಿಯ ಅವಳ ಮನೆಗೆ ಕಂಪ್ಯೂಟರ್ ಬಂದದ್ದು ಮಗಳು ಕೃತಿಕಾಳ ಓದಿಗೆಂದು. ಮಗಳು ಶಾಲೆಗೆ, ಗಂಡ ಅಂತರಸನಹಳ್ಳಿಯ ಫ್ಯಾಕ್ಟರಿಗೆ ಹೋದ ಮೇಲೆ ಅದರ ಮುಂದೆ ಕೂರುತ್ತಿದ್ದವಳು ಶಶಿರೇಖಾ. ಆಗ ಎಲ್ಲರ ಬಾಯಲ್ಲೂ ಆರ್ಕುಟ್ ಎಂಬ ಜಾಲತಾಣದ ಹೆಸರು. ಅದರಲ್ಲಿ ತುಮಕೂರು ಜಿಲ್ಲೆಯವರದೇ ಒಂದು ಗುಂಪು ಅವಳ ಕಣ್ಣಿಗೆ ಬಿತ್ತು. ಒಬ್ಬರು ಪ್ರಶ್ನೆ ಹಾಕಬೇಕು, ಉಳಿದವರು ಪುಸ್ತಕ ನೋಡದೆ, ಇಂಟರ್ನೆಟ್ಟಿನಲ್ಲಿ ಹುಡುಕದೆ ಉತ್ತರ ಕೊಡಬೇಕು. ಎರಡು ಖಂಡಗಳ ಮೇಲೆ ಹರಡಿಕೊಂಡ ಊರು ಯಾವುದು, ಮೂರು ಹೃದಯಗಳಿರುವ ಪ್ರಾಣಿ ಯಾವುದು. ಡಿಗ್ರಿಯ ನಡುವೆಯೇ ಮದುವೆಯಾಗಿ ಬಂದ ಶಶಿರೇಖಾಳಿಗೆ ಓದಿದ್ದೆಲ್ಲ ತಲೆಯಲ್ಲಿ ಹಾಗೇ ಉಳಿದಿತ್ತು. ಕೇಳುವವರಿರಲಿಲ್ಲ ಅಷ್ಟೆ.

"ಹೆಂಗಸ್ರ ಹೆಸ್ರು, ಫೋಟೋ ಅಂತೆಲ್ಲ ಹಾಕ್ಬೇಡ," ಎಂದಿದ್ದ ಕಾಂತೇಶ್. ಅವಳು ಬರೀ ಶಶಿ ಎಂದು ಬರೆದುಕೊಂಡಳು. ಮೊದಲ ವಾರವೇ ಯಾರೋ 'ಶಶಿ ಸರ್' ಎಂದರು. ತಿದ್ದಬೇಕೆಂದುಕೊಂಡಳು, ತಿದ್ದಲಿಲ್ಲ. 'ಶಶಿ ಸರ್ ಬರೋವರೆಗೂ ಯಾರೂ ಉತ್ತರ ಹೇಳಬೇಡಿ' ಎಂದು ಸಾದಿಕ್ ಬರೆದ ದಿನ, ಒಲೆಯ ಮೇಲಿಟ್ಟ ಹಾಲು ಉಕ್ಕಿ ಹೋದದ್ದೂ ಅವಳಿಗೆ ತಿಳಿಯಲಿಲ್ಲ.

ಕಾಂತೇಶ್ ಮೊದಮೊದಲು ನಕ್ಕ. ಆಮೇಲೆ ಊಟಕ್ಕೆ ಕೂತಾಗ, "ಇವತ್ತಿಂದೇನು ಹೇಳು," ಎಂದು ಕೇಳತೊಡಗಿದ. ಮರುದಿನ ಅದೇ ಪ್ರಶ್ನೆಯನ್ನು ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ಎಸೆದು, ಯಾರಿಗೂ ಗೊತ್ತಾಗದಿದ್ದಾಗ ಉತ್ತರವನ್ನೂ ತಾನೇ ಹೇಳುತ್ತಿದ್ದ. ಅಲ್ಲಿ ಅವನಿಗೆ 'ಜಿಕೆ ಕಾಂತೇಶ್' ಎಂದು ಹೆಸರು ಬಿತ್ತು. ಗುಂಪಿನವರು ಒಮ್ಮೆ ಭೇಟಿಯಾಗೋಣವೆಂದಾಗ ಅವಳು ಗಂಡನಿಗೆ ಹೇಳಿದಳು.

"ನಾನೇ ಹೋಯ್ತೀನಿ. ಗಂಡಸು ಅಂತ ತಾನೇ ಅವ್ರು ಅನ್ಕೊಂಡಿರೋದು?" ಎಂದ ಕಾಂತೇಶ್.

"ಬ್ಯಾಡ ರೀ. ನಾನೇ ಕಣ್ರಪ್ಪಾ ಅಂತ ಹೇಳಿ ಬರ್ತೀನಿ."

"ಹೇಳು. ವರ್ಷದಿಂದ ಕಂಡಕಂಡ ಗಂಡಸ್ರ ಜೊತೆ ಚಾಟ್ ಮಾಡ್ತಾವ್ಳೆ ಅಂತ ಊರಿಗೆಲ್ಲ ಗೊತ್ತಾಗ್ಲಿ ಬುಡು."

ಅವನು ದನಿ ಏರಿಸಿರಲಿಲ್ಲ. ಅನ್ನ ಕಲಸುತ್ತಲೇ ಹೇಳಿದ್ದ. ಕೊನೆಗೆ, ನೀನೂ ಬಾ, ಪಕ್ಕದಲ್ಲಿ ಕೂತಿರು ಎಂದ. ಅವರನ್ನು ಕಣ್ಣಾರೆ ನೋಡುವ ಆಸೆಗೆ ಅವಳು ಒಪ್ಪಿದ್ದಳು.

ದೋಸೆ ಬಂತು. ಕಾಂತೇಶ್ ಚೆನ್ನಾಗಿಯೇ ನಿಭಾಯಿಸುತ್ತಿದ್ದ. ಫ್ಯಾಕ್ಟರಿ, ಪವರ್ ಕಟ್ಟು, ಗುಬ್ಬಿಯ ಬಸ್ಸುಗಳು ಎಂದು ಮಾತನ್ನು ತನಗೆ ಗೊತ್ತಿದ್ದ ಕಡೆಗೆಲ್ಲ ಎಳೆದ. "ಮೇಡಂಗೆ ನಮ್ಮ ಮಾತು ಕೇಳಿ ಬೇಜಾರಾಗ್ತಿರ್ಬೇಕು," ಎಂದ ಲಕ್ಷ್ಮೀಕಾಂತ್. ಶಶಿರೇಖಾ ಇಲ್ಲವೆಂದು ತಲೆಯಾಡಿಸಿದಳು.

ಸಾದಿಕ್ ತನ್ನ ಪಕ್ಕದ ಮೇಜಿನಲ್ಲಿದ್ದ ಪರಿಚಯದ ಇಬ್ಬರನ್ನು ಕರೆದ. "ಇವ್ರೇ ಕಣ್ರೋ ನಮ್ ಶಶಿ ಸರ್. ಒಂದು ಪ್ರಶ್ನೆ ಹಾಕಿದ್ರು ನೋಡಿ, ನಮ್ಮನ್ನೆಲ್ಲ ಒದ್ದಾಡಿಸ್ಬಿಟ್ರು. ದಡವೇ ಇಲ್ಲದ ಸಮುದ್ರ ಯಾವುದು? ನೀವೇ ಹೇಳಿ ಸರ್, ಇವ್ರಿಗೂ ಗೊತ್ತಾಗ್ಲಿ."

ಕಾಂತೇಶನ ಕೈ ದೋಸೆಯ ಮೇಲೇ ನಿಂತಿತು. ಆ ಪ್ರಶ್ನೆಯನ್ನು ಶಶಿರೇಖಾ ಗಂಡನಿಗೆ ಹೇಳಿರಲಿಲ್ಲ. ಏಕೋ ಅದೊಂದನ್ನು ಕ್ಯಾಂಟೀನಿಗೆ ಕೊಡಲು ಮನಸ್ಸು ಬಂದಿರಲಿಲ್ಲ. ಮೇಜಿನ ಕೆಳಗೆ ಅವನ ಮೊಣಕಾಲು ಅವಳ ಮೊಣಕಾಲನ್ನು ಒತ್ತಿತು.

ಸಾರ್ಗಾಸೊ. ನಾಲಿಗೆಯ ತುದಿಗೇ ಬಂದಿತ್ತು. ಸುತ್ತ ನೆಲವೇ ಇಲ್ಲ, ಬರೀ ಪ್ರವಾಹಗಳೇ ಅದಕ್ಕೆ ಎಲ್ಲೆ. ಅವಳು ಚಟ್ನಿಗೆ ದೋಸೆ ಅದ್ದಿ ಬಾಯಿಗಿಟ್ಟುಕೊಂಡು ನಿಧಾನಕ್ಕೆ ಅಗಿದಳು. ಈ ಉತ್ತರಗಳೆಲ್ಲ ಯಾರವೆಂದು ಒಂದು ಸಲವಾದರೂ ಇವನಿಗೆ ತಿಳಿಯಲಿ ಎನ್ನಿಸಿತು.

"ಅದೇ... ಮೃತ ಸಮುದ್ರ," ಎಂದ ಕಾಂತೇಶ್.

ಪಕ್ಕದ ಮೇಜಿನವರು ತಮ್ಮ ಕಾಫಿಗೆ ಹಿಂತಿರುಗಿದರು. "ನೀವೇ ಹಾಕಿದ ಪ್ರಶ್ನೆ ಸರ್ ಅದು," ಎಂದ ಲಕ್ಷ್ಮೀಕಾಂತ್. "ಓ ಹೌದಲ್ವಾ, ಮರ್ತೇ ಹೋಯ್ತು," ಎಂದು ಕಾಂತೇಶ್ ನಕ್ಕ. ಸಾದಿಕ್ ನಗಲಿಲ್ಲ. ಹುಡುಕಿ ಬರೆದುಬಿಟ್ಟರೆ ತಲೆಯಲ್ಲಿ ಉಳಿಯುವುದಿಲ್ಲ ಎಂದು ಯಾರಿಗೂ ಅಲ್ಲವೆಂಬಂತೆ ಹೇಳಿ ನೀರು ಕುಡಿದ. ಅಷ್ಟು ಹೊತ್ತು ಅವನ ಮುಖದ ಮೇಲಿದ್ದ ಗೌರವ ಇಳಿದುಹೋಗುವುದನ್ನು ಶಶಿರೇಖಾ ಎದುರಿಗೇ ಕೂತು ನೋಡಿದಳು. ಆ ಗೌರವ ಯಾರದೆಂಬುದು ಹೊಳೆದಾಗ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

ವಾಪಸು ಬಸ್ಸಿನಲ್ಲಿ ಹೆಗ್ಗೆರೆ ದಾಟುವ ತನಕ ಕಾಂತೇಶ್ ಕಿಟಕಿ ಕಡೆಗೇ ನೋಡುತ್ತಿದ್ದ.

"ಗೊತ್ತಿತ್ತು ಅಲ್ವಾ ನಿಂಗೆ?"

"ಗೊತ್ತಿತ್ತು."

"ಮರ್ಯಾದೆ ತೆಗ್ದೆ."

"ಯಾರ್ದು?" ಎಂದಳು ಶಶಿರೇಖಾ.

ಮಾರನೆಯ ದಿನ ಗುಂಪಿನಲ್ಲಿ ಅವಳಿಗೆ ಹೊಸ ಹೆಸರು ಬಿದ್ದಿತ್ತು: ಗೂಗಲ್ ಸರ್. ಒಂದು ವರ್ಷದ ಉತ್ತರಗಳ ಕೆಳಗೆ ಯಾರ್ಯಾರೋ ಹೋಗಿ ನಗುವಿನ ಚಿಹ್ನೆ ಅಂಟಿಸಿ ಬಂದಿದ್ದರು. ಅವಳು ಬೆಳಗಿನ ಕೆಲಸ ಬಿಟ್ಟು ಕೂತು, ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡವನ್ನು ಕುಟ್ಟುತ್ತ ಎಲ್ಲವನ್ನೂ ಬರೆದಳು. ತಾನು ಶಶಿರೇಖಾ, ನಿನ್ನೆ ಪಕ್ಕದಲ್ಲಿ ಕೂತಿದ್ದವಳು, ಎಲ್ಲ ಪ್ರಶ್ನೆ, ಎಲ್ಲ ಉತ್ತರ ತನ್ನವೇ, ಬೇಕಾದರೆ ಈಗಲೇ ಏನಾದರೂ ಕೇಳಿ ನೋಡಿ. ಊರಿಗೆ ಗೊತ್ತಾದರೆ ಆಗಲಿ ಎಂದು ಕಳಿಸಿಬಿಟ್ಟಳು.

ಸಂಜೆ ಲಕ್ಷ್ಮೀಕಾಂತನ ಉತ್ತರ ಬಂದಿತ್ತು. "ಮೇಡಂ, ಯಜಮಾನರ ಮಾನ ಉಳಿಸಲು ತಾವು ಇಷ್ಟೆಲ್ಲ ಬರೆದಿರುವುದನ್ನು ನೋಡಿ ಮನಸ್ಸು ತುಂಬಿ ಬಂತು. ಇಂಥ ಹೆಂಡತಿ ಎಲ್ಲರಿಗೂ ಸಿಗುವುದಿಲ್ಲ. ಶಶಿ ಸರ್ ಪುಣ್ಯವಂತರು." ಅದರ ಕೆಳಗೆ ಬೇರೆ ನಾಲ್ಕಾರು ಮಂದಿ ಹೌದು ಹೌದು ಎಂದಿದ್ದರು. ಸಾದಿಕ್ ಏನೂ ಬರೆದಿರಲಿಲ್ಲ. ಅವನು ಹೊಸ ಪ್ರಶ್ನೆ ಹಾಕಿದ್ದ, ಯಾರಿಗಾಗಿಯೂ ಕಾಯಿರಿ ಎನ್ನದೆ.

ಅವಳು ಆ ಪ್ರಶ್ನೆಗೆ ಉತ್ತರ ಟೈಪ್ ಮಾಡಿ ಗುಂಡಿ ಒತ್ತುವಷ್ಟರಲ್ಲಿ ಹಾಲಿನಲ್ಲಿ ಫೋನಿನ ರಿಸೀವರ್ ಎತ್ತಿದ ಸದ್ದಾಯಿತು. ಅದೇ ಲೈನಿನಲ್ಲಿ ಬರುತ್ತಿದ್ದ ಇಂಟರ್ನೆಟ್ ಕಡಿದುಹೋಯಿತು. ಕಾಂತೇಶ್ ಫ್ಯಾಕ್ಟರಿಯ ಯಾರಿಗೋ ನಂಬರು ಒತ್ತಿ ಮಾತಾಡುತ್ತಿದ್ದ. ಶಿಫ್ಟು, ರಜೆ, ಆಮೇಲೆ ನಗು. ಸ್ವಲ್ಪ ಹೊತ್ತಿಗೆ ರಿಸೀವರಿನ ಬಾಯಿಗೆ ಅಂಗೈ ಮುಚ್ಚಿಕೊಂಡು ಕೋಣೆಯೊಳಕ್ಕೆ ಕತ್ತು ಚಾಚಿದ.

"ಲೇ, ರಕ್ತದ ಗುಂಪು ಕಂಡುಹಿಡ್ದೋನು ಯಾರು? ಸೂಪರ್‌ವೈಸರ್ ಮಗಳಿಗೆ ಬೇಕಂತೆ."

"ಲ್ಯಾಂಡ್‌ಸ್ಟೈನರ್," ಎಂದುಬಿಟ್ಟಳು ಶಶಿರೇಖಾ. ಹೇಳಬೇಕೋ ಬೇಡವೋ ಎಂದು ಯೋಚಿಸುವ ಮೊದಲೇ ಬಾಯಿಂದ ಬಂದುಹೋಗಿತ್ತು.

ಕಾಂತೇಶ್ ಅಂಗೈ ತೆಗೆದು ಆ ಹೆಸರನ್ನು ಒಂದಿಷ್ಟು ತಪ್ಪಾಗಿ, ತುಂಬು ದನಿಯಲ್ಲಿ ಹೇಳಿದ. ಆಚೆ ಕಡೆಯಿಂದ ಏನೋ ಹೊಗಳಿಕೆ ಬಂದಿರಬೇಕು, "ಅಯ್ಯೋ, ಏನಿಲ್ಲ ಬುಡಿ ಸಾರ್," ಎಂದ. ಅವಳ ಮುಂದೆ ಅರ್ಧ ಮೂಡಿದ ಪುಟ ಅಲ್ಲಾಡದೆ ನಿಂತಿತ್ತು. ಮೇಲುಭಾಗದಲ್ಲಿ ಒಂದಷ್ಟು ಹೆಸರುಗಳು, ಅದರ ಕೆಳಗೆಲ್ಲ ಬಿಳಿ.