ಇಪ್ಪತ್ತೈದನೆಯ ಗೀರು

ಶವಪೆಟ್ಟಿಗೆಯ ಒಂದು ಮೂಲೆಗೆ ಹೆಗಲು ಕೊಟ್ಟು ನಡೆಯುತ್ತಿದ್ದ ಮಗಳ ಮೂಗಿಗೆ ಹಸಿ ಸುಣ್ಣದ ವಾಸನೆ ಬಡಿಯಿತು. ಚಿಕ್ಕಂದಿನಲ್ಲಿ ಅಪ್ಪ ಎತ್ತಿಕೊಂಡರೆ ಅವನ ಅಂಗಿಯಿಂದ ಬರುತ್ತಿದ್ದದ್ದು ಇದೇ ವಾಸನೆ. ಗುಂಡಿ ತೋಡುವವನು ಯಾರೂ ಹೇಳದೆಯೇ ಗುಂಡಿಯ ಅಂಚಿಗೆಲ್ಲ ಸುಣ್ಣ ಬಳಿದಿದ್ದ.

"ಹುಷಾರು ಕಣಮ್ಮ, ಮೆಟ್ಟಿಲಿದೆ," ಎಂದ ಅವನು, ಇನ್ನೊಂದು ಮೂಲೆ ಹೊತ್ತು. "ನಿಮ್ಮಪ್ಪ ಹಗುರ ಅಂದ್ಕೊಂಡಿದ್ದೆ. ಕಲ್ಲಿನ ಧೂಳು ಕುಡಿದೂ ಕುಡಿದೂ ಒಳಗೇ ಒಂದು ಕಂಬ ಕಟ್ಕೊಂಡಿದ್ದ ಅನ್ಸುತ್ತೆ."

"ಇವತ್ತೂ ನಿನ್ನ ತಮಾಷೆನಾ?" ಸ್ಮಶಾನದ ಬಾಗಿಲ ಹೂವಿನಂಗಡಿಯಾಕೆ ಗದರಿದಳು.

"ಇದ್ದಿದ್ರೆ ಅವನೇ ಮೊದ್ಲು ನಗ್ತಿದ್ದ, ಅಕ್ಕಾ."

ಮಣ್ಣು ಮುಚ್ಚಿದ ಮೇಲೆ ಸ್ಮಶಾನದ ಗುಮಾಸ್ತರು ಬೀಗದ ಕೈಗಳ ಗೊಂಚಲನ್ನು ಮಗಳ ಕೈಗಿಟ್ಟರು. "ನಲವತ್ತು ವರ್ಷ ಅಪ್ಪ ಕಾವಲು ಕಾದ ಜಾಗ. ಕಂಡಕಂಡವರಿಗೆ ಹೇಗಮ್ಮ ಕೊಡೋದು?"

"ಸರ್, ನಾನು ನಾಳೆ ಹೊರಡ್ಬೇಕು. ಬಂದರಿನ ಹತ್ರ ಕೆಲಸ ಸಿಕ್ಕಿದೆ."

"ಹೋಗುವಿಯಂತೆ. ಇನ್ನೊಬ್ಬರು ಸಿಗೋವರೆಗೆ ಅಷ್ಟೆ."

ಆ 'ಸಿಗೋವರೆಗೆ' ಅವಳ ಮನೆಗೆ ಹೊಸದಾಗಿರಲಿಲ್ಲ.

*

ಕಲ್ಲುಕುಟಿಗನಾಗಿದ್ದ ಅಪ್ಪ ಈ ಸ್ಮಶಾನಕ್ಕೆ ಬಂದದ್ದು ಮೂರು ತಿಂಗಳ ಕೆಲಸಕ್ಕೆ. ಸಿರಿವಂತ ಮನೆತನವೊಂದರ ಗೋರಿಮಂಟಪದ ದುರಸ್ತಿ. ಮುಂದೆ ನಾಲ್ಕು ದುಂಡು ಕಂಬ, ಮೇಲೆ ತ್ರಿಕೋನದ ಮುಖ, ಹಿಂಗೋಡೆಯಲ್ಲಿ ಎಂದೂ ತೆರೆಯದ ಕಲ್ಲಿನ ಬಾಗಿಲು. ಸಿಡಿಲಿಗೆ ಒಡೆದ ಮೂರನೆಯ ಕಂಬವನ್ನು ಅವನು ಹೊಸದಾಗಿ ಕಡೆದ. ನಿಲ್ಲಿಸಿದ ಮೇಲೆ ಎಣಿಸಿದರೆ, ಉಳಿದ ಕಂಬಗಳ ಸುತ್ತ ಮೇಲಿಂದ ಕೆಳಗೆ ಕೊರೆದ ಇಪ್ಪತ್ತನಾಲ್ಕು ಉದ್ದ ಗೀರು, ಇದಕ್ಕೆ ಇಪ್ಪತ್ತೈದು.

"ಸತ್ತವರು ಎದ್ದು ಎಣಿಸ್ತಾರಾ? ಹೊರಡೋಣ ಬನ್ನಿ," ಎಂದಿದ್ದಳು ಅಮ್ಮ, ಗಂಟುಮೂಟೆ ಕಟ್ಟಿ.

"ನಾನು ಎಣಿಸ್ತೀನಲ್ಲೇ. ಇನ್ನೊಂದು ಕಲ್ಲು ಸಿಗೋವರೆಗೆ ತಡಿ."

ಆ ಬಣ್ಣದ ಕಲ್ಲಿನ ಗಣಿ ಮುಚ್ಚಿಹೋಗಿತ್ತು. ಕಲ್ಲಿಗೆ ಕಾಯುತ್ತ ಅಪ್ಪ ಇಲ್ಲೇ ಕಾವಲುಗಾರನಾದ. ಅಮ್ಮ ಒಂದೊಂದಾಗಿ ಗಂಟು ಬಿಚ್ಚಿದಳು.

*

ಎಲ್ಲರೂ ಹೋದ ಮೇಲೆ ಮಗಳು ಮೂರನೆಯ ಕಂಬಕ್ಕೆ ಒರಗಿ ಕೂತಳು. ಬೇಡವೆಂದರೂ ಬೆರಳು ಎಣಿಸತೊಡಗಿತು. ಒಂದು ಗೀರು ಮಾತ್ರ ನುಣುಪಾಗಿತ್ತು, ಅಪ್ಪನ ಹೆಬ್ಬೆರಳು ಸವೆಸಿದ್ದು. ಅವಳ ಹೆಬ್ಬೆರಳೂ ಅದರೊಳಗೆ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಥಟ್ಟನೆ ಕೈ ಹಿಂದೆಗೆದುಕೊಂಡಳು.

ಹೂವಿನಂಗಡಿಯಾಕೆ ಬಂದಳು. ದಿನಾ ಮಧ್ಯಾಹ್ನ ಇದೇ ಮೆಟ್ಟಿಲ ಮೇಲೆ ಅಪ್ಪನಿಗೆ ಊಟ ತಂದುಕೊಡುತ್ತಿದ್ದವಳು. ಇಂದೂ ಅದೇ ನಗ್ಗಿದ ಡಬ್ಬಿ. ಮಗಳ ಮುಂದೆ ಹಿಡಿದಳು.

ತುಂಬಿದ ಡಬ್ಬಿ, ಎರಡೂ ಕೈ ಬೇಕಿತ್ತು. ಮಗಳು ಬೀಗದ ಕೈಗಳ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಡಬ್ಬಿಯನ್ನು ತೆಗೆದುಕೊಂಡಳು.