ಸಾಹೇಬ, ನಿಮ್ಮತ್ತೆಗೆ ಹೇಳು

"ಬರ್ಲಿ... ಬರ್ಲಿ... ಇನ್ನೂ ಸ್ವಲ್ಪ ಬಲಕ್ಕೆ... ಹಾಂ, ಸ್ಟಾಪ್!"

ತಮ್ಮ ಮೆಟ್ಟಿಲ ತಿರುವಿನ ಕೆಳಗೆ ನಿಂತು ಎರಡೂ ಕೈ ಆಡಿಸುತ್ತಿದ್ದ. ಮೂವತ್ತು ವರ್ಷ ಬಸ್ಸು ಓಡಿಸಿದವನಿಗೆ ಅಕ್ಕನ ಶವಪೆಟ್ಟಿಗೆಯನ್ನು ಎರಡನೇ ಮಹಡಿಯಿಂದ ಇಳಿಸುವುದು ಏನು ಮಹಾ ಅನ್ನಿಸಿತ್ತು. ಆದರೆ ಪೆಟ್ಟಿಗೆ ಗೋಡೆಗೂ ಕಂಬಿಗೂ ನಡುವೆ ಸಿಕ್ಕಿಕೊಂಡು, ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ ಎಂದು ಕೂತುಬಿಟ್ಟಿತು.

"ರಿವರ್ಸ್ ತಗೊಳ್ಳಿ."

"ಗೇರ್ ಎಲ್ಲಿದೆ ತೋರಿಸಿ, ತಗೋತೀವಿ," ಎಂದು ಮೇಲಿನಿಂದ ಪೋಸ್ಟ್‌ಮ್ಯಾನ್ ಏದುಸಿರು ಬಿಟ್ಟ. ಹೊತ್ತ ಆರು ಜನರಲ್ಲಿ ನಾಲ್ವರು ಅಂಚೆ ಕಚೇರಿಯವರೇ. "ಮೇಡಂ ಇದ್ದಿದ್ರೆ ಈ ಪ್ಯಾಕಿಂಗ್ ನೋಡಿ ವಾಪಸ್ ಕಳಿಸಿರೋರು."

ಯಾರೋ ಕಿಸಕ್ಕನೆ ನಕ್ಕು, ಸಾವಿನ ಮನೆ ಎಂದು ನೆನಪಾಗಿ ಕೆಮ್ಮಿದರು.

ಊರಿಗೆಲ್ಲ ಅವಳು ಪಾರ್ಸೆಲ್ ಅಕ್ಕ. ಮದುವೆಯಾಗಲಿಲ್ಲ. ಅಂಚೆ ಕಚೇರಿಯ ಪಾರ್ಸೆಲ್ ಕೌಂಟರಿನಲ್ಲಿ ಮೂವತ್ತಾರು ವರ್ಷ ಕೂತು, ಕೈಗೆ ಕೊಟ್ಟ ಯಾವುದೇ ವಸ್ತುವಿನ ತೂಕವನ್ನು ತಕ್ಕಡಿಗಿಂತ ಮೊದಲೇ ಹೇಳುವುದನ್ನು ಕಲಿತಿದ್ದಳು. ಹೆರಿಗೆಯಾದ ಮನೆಗೆ ಹೋದರೂ ಅಷ್ಟೇ. ಕೂಸನ್ನು ಎತ್ತಿಕೊಂಡು "ಮೂರು ಕಿಲೋ ನೂರು" ಎಂದು ತಾಯಿಗೆ ವಾಪಸ್ ಕೊಡುತ್ತಿದ್ದಳು. ಮುದ್ದಾಗಿದೆ ಎಂಬ ಮಾತನ್ನು ಅವಳ ಬಾಯಲ್ಲಿ ಕೇಳಿದವರಿಲ್ಲ. ಗಂಟು ಸಡಿಲವಾದ ಪಾರ್ಸೆಲನ್ನು ಸಾಕ್ಷಾತ್ ಮಂತ್ರಿಯೇ ತಂದರೂ ಮುಟ್ಟುತ್ತಿರಲಿಲ್ಲ.

ಅಷ್ಟರಲ್ಲಿ ಮೊದಲ ಮಹಡಿಯ ಬಾಗಿಲು ತೆರೆದು ತಮ್ಮನ ಹೆಂಡತಿ ಹೊರಬಂದಳು. ಪೆಟ್ಟಿಗೆಯನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದಳು.

"ಆ ತುದಿ ಮೇಲಕ್ಕೆತ್ತಿ. ಈ ತುದಿ ಕಂಬಿ ಮೇಲಿಂದ ತನ್ನಿ."

ಹಾಗೇ ಮಾಡಿದರು. ಪೆಟ್ಟಿಗೆ ಬೆಣ್ಣೆಯಿಂದ ಕೂದಲೆಳೆದ ಹಾಗೆ ಇಳಿದು ಬಂತು.

"ನೋಡಿದ್ರಾ, ಸಾಗಹಾಕೋಕೆ ಎಷ್ಟು ಆತುರ," ಎಂದು ಚಿಕ್ಕಮ್ಮ ಪಕ್ಕದವಳ ಕಿವಿಯಲ್ಲಿ ಅಂದಳು. ಚಿಕ್ಕಮ್ಮನ ಪಿಸುಮಾತು ಬೀದಿಯ ತುದಿಗೂ ಕೇಳಿಸುತ್ತದೆ.

ಅಕ್ಕನೂ ತಮ್ಮನ ಹೆಂಡತಿಯೂ ಮಾತು ಬಿಟ್ಟು ಹತ್ತೊಂಬತ್ತು ವರ್ಷ. ತಮ್ಮನ ಹೆಂಡತಿ ತವರಿಗೆ ಸ್ವೆಟರ್ ಕಳಿಸಲು ಹೋದಾಗ ಅಕ್ಕ ಅವಳ ಪಾರ್ಸೆಲನ್ನು ತುಂಬಿದ ಸಾಲಿನೆದುರು ಮೂರು ಸಲ ವಾಪಸ್ ಮಾಡಿದ್ದಳು. ಮೂರನೆಯ ಸಲ "ಹೊಲಿಗೆ ಯಾರು ಕಲಿಸಿದ್ದು?" ಎಂದೂ ಕೇಳಿದ್ದಳು. ಅಲ್ಲಿಗೆ ಮುಗಿಯಿತು. ಆಮೇಲೆ ಮನೆಗೊಂದು ಕಂದು ನಾಯಿಮರಿ ಬಂತು. ಗತ್ತು ನೋಡಿ ಸಾಹೇಬ ಎಂದು ಕರೆದರು. ಅದು ಎರಡೂ ಮಹಡಿಯಲ್ಲಿ ಉಣ್ಣುತ್ತಿತ್ತು, ಹಾಗಾಗಿ ಮಾತೆಲ್ಲ ಅದರ ಮೂಲಕವೇ. "ಸಾಹೇಬ, ನಿಮ್ಮತ್ತೆಗೆ ಹೇಳು, ಟ್ಯಾಂಕಿನ ನೀರು ತುಂಬಿ ಹರೀತಿದೆ." "ಸಾಹೇಬ, ನಿಮ್ಮಮ್ಮಂಗೆ ಹೇಳು, ನಂಗೂ ಕಣ್ಣಿದೆ." ಎರಡು ವರ್ಷದ ಹಿಂದೆ ಸಾಹೇಬ ಸತ್ತ ಮೇಲೆ ಆ ಕೆಲಸ ತಮ್ಮನ ಪಾಲಿಗೆ ಬಂದಿತ್ತು.

ಸ್ಮಶಾನದಲ್ಲಿ ತಮ್ಮನ ಹೆಂಡತಿ ಎಲ್ಲರಿಗಿಂತ ಹಿಂದೆ ನಿಂತಳು. ಕಣ್ಣು ಒಣಗಿದ್ದವು.

"ಇವತ್ತಾದ್ರೂ ನಾಲ್ಕು ಹನಿ ಹಾಕೇ. ಜನ ನೋಡ್ತಿದ್ದಾರೆ," ಎಂದ ಗಂಡ.

"ಬಂದಾಗ ಹಾಕ್ತೀನಿ."

ಒಬ್ಬೊಬ್ಬರಾಗಿ ಮಣ್ಣು ಹಾಕತೊಡಗಿದರು. ಅವಳು ಹೆಜ್ಜೆ ಮುಂದಿಟ್ಟಾಗ ಚಿಕ್ಕಮ್ಮ ಅಡ್ಡ ಬಂದಳು. "ನೀನು ಬೇಡಮ್ಮ. ಬದುಕಿದ್ದಾಗ ಒಂದು ಮಾತಾಡಿಸಲಿಲ್ಲ. ಈಗ ಯಾವ ಮುಖ ಇಟ್ಕೊಂಡು ಮಣ್ಣು ಹಾಕ್ತೀಯ?"

ಅವಳು ನಿಂತಳು.

ಆಗ ಗೇಟಿನಿಂದ ಮೀನಂಗಡಿಯವನು ಓಡೋಡಿ ಬಂದ. ಅಂಗಡಿಯಿಂದ ಎದ್ದು ಬಂದವನು ರಬ್ಬರ್ ಬೂಟು ಕಳಚುವುದನ್ನೂ ಮರೆತಿದ್ದ. ತಮ್ಮನನ್ನು ದಾಟಿಕೊಂಡು ನೇರ ಅವಳ ಮುಂದೆ ಬಂದು ನಿಂತ.

"ಅಕ್ಕಾ," ಎಂದು ಗೊಳೋ ಎಂದ, "ಜೋಡಿ ಮುರೀತಲ್ಲಕ್ಕಾ!"

"ಯಾವ ಜೋಡಿ?" ಎಂದ ತಮ್ಮ.

"ಇನ್ಯಾವುದು ಸ್ವಾಮಿ? ದೋಣಿ ಜೋಡಿ."

* * *

ಹದಿನಾಲ್ಕು ವರ್ಷದ ಹಿಂದಿನ ಒಂದು ಸೋಮವಾರ. ಸೋಮವಾರ ತಮ್ಮನ ವಾರದ ರಜೆ. ಸೆಕೆಂಡ್ ಹ್ಯಾಂಡ್ ಮೋಟಾರ್ ದೋಣಿ ಕೊಂಡಂದಿನಿಂದ ಅವನು ಪ್ರತಿ ಸೋಮವಾರ ಕೊಲ್ಲಿಗೆ ಹೋಗಿ, ಮೀನು ಹಿಡಿದು ತಂದು, ಹಿಡಿದ ಕತೆಯನ್ನು ಗುರುವಾರದವರೆಗೆ ಹೇಳುತ್ತಿದ್ದ. ಆ ದಿನ ಟೋಪಿ ಮರೆತು ಮನೆಗೆ ಓಡಿದ್ದ. ಹೆಂಡತಿ ಊಟದ ಡಬ್ಬಿ ಇಡಲು ದೋಣಿಗೆ ಇಳಿದಿದ್ದಳು. ಕಚೇರಿಗೆ ಹೊರಟ ಅಕ್ಕ ಅದೇ ದಾರಿಯಲ್ಲಿ ಬಂದವಳು ಕಟ್ಟೆಯ ಗೂಟಕ್ಕೆ ದೋಣಿ ಬಿಗಿದ ಹಗ್ಗ ನೋಡಿ ನಿಂತುಬಿಟ್ಟಳು.

"ಇದೂ ಒಂದು ಗಂಟಾ?"

ಸರಿಯಾಗಿ ಕಟ್ಟೋಣವೆಂದು ಬಿಚ್ಚಿದಳು. ಅದೇ ಗಳಿಗೆಗೆ ಸಾಹೇಬ ಎಲ್ಲಿಂದಲೋ ಹಾರಿ ದೋಣಿಗೆ ಬಿದ್ದ. ದೋಣಿ ಜಾರಿತು. ಹಗ್ಗ ಬಿಟ್ಟರೆ ಸರ್ಕಾರಿ ನೌಕರಳಿಗೆ ಅವಮಾನ ಎಂಬಂತೆ ಅಕ್ಕ ಬಿಡದೆ ಹಿಡಿದು, ಕೈಚೀಲದ ಸಮೇತ ಮುಂದಿನ ಹಲಗೆಯ ಮೇಲೆ ಬಂದು ಕುಕ್ಕರಿಸಿದಳು.

"ಏಯ್! ವಾಪಸ್ ಬನ್ನಿ!" ತಮ್ಮ ದಡದಲ್ಲಿ ಟೋಪಿ ಬೀಸುತ್ತಿದ್ದ.

ಹೆಂಡತಿ ಮೋಟಾರಿನ ಹಗ್ಗ ಎಳೆದಳು. ಮೋಟಾರು ಹೊತ್ತಿಕೊಂಡು ದೋಣಿ ಕೊಲ್ಲಿಯ ಕಡೆಗೇ ನುಗ್ಗಿತು.

"ಸಾಹೇಬ, ನಿಮ್ಮತ್ತೆನ ಕೇಳು, ತಿರುಗಿಸಬೇಕಾ ಅಂತ."

ಅಕ್ಕ ಗಡಿಯಾರ ನೋಡಿದಳು. ಕೌಂಟರ್ ತೆರೆಯಲು ಹತ್ತು ನಿಮಿಷ. ಆಮೇಲೆ ನೀರು ನೋಡಿದಳು. ಅದು ತಟ್ಟೆಯಲ್ಲಿಟ್ಟ ಹಾಗೆ ಅಲ್ಲಾಡದೆ ಮಲಗಿತ್ತು.

"ಹೇಗೂ ಬಂದಿದ್ದೀವಿ ಅಂತ ಹೇಳು, ಸಾಹೇಬ. ನಂಗೆ ಹೊಟ್ಟೆನೋವು ಅಂತ ಆಫೀಸಿಗೆ ಆಮೇಲೆ ತಿಳಿಸಿದ್ರಾಯ್ತು."

ಗಾಳ ಹುಡುಕಲು ಹಲಗೆಯ ಕೆಳಗೆ ಕೈ ಹಾಕಿದರೆ ಕೊಕ್ಕೆಗಳು ಅಂಗಡಿಯ ಪೊಟ್ಟಣದಲ್ಲೇ ಇದ್ದವು, ಬಿಚ್ಚಿರಲೇ ಇಲ್ಲ. ಜೊತೆಗೊಂದು ದಿಂಬು. ಮೀನಂಗಡಿಯ ಹೆಸರು ಅಚ್ಚಾದ ಏಳೆಂಟು ಪ್ಲಾಸ್ಟಿಕ್ ಚೀಲ. ಇಬ್ಬರೂ ಚೀಲ ನೋಡಿದರು, ದಿಂಬು ನೋಡಿದರು, ಒಬ್ಬರ ಮುಖ ಒಬ್ಬರು ನೋಡಿದರು. ತುಟಿ ಕಚ್ಚಿಕೊಂಡರು.

ಎರೆಗೆಂದು ಇಟ್ಟಿದ್ದ ಸಿಗಡಿಯನ್ನು ಅಷ್ಟರಲ್ಲಿ ಸಾಹೇಬ ನುಂಗಿ ತುಟಿ ನೆಕ್ಕುತ್ತಿದ್ದ. ಡಬ್ಬಿಯ ಬ್ರೆಡ್ಡನ್ನೇ ಉಂಡೆ ಮಾಡಿ ಚುಚ್ಚಿದರು. ಅರ್ಧ ಗಂಟೆ ಏನೂ ಇಲ್ಲ. ಆಮೇಲೆ ಅಕ್ಕನ ದಾರ ಜಗ್ಗಿತು.

"ಅತ್ತಿಗೇ! ಎಳೀರಿ! ಎಳೀರೀ!"

"ಎಳೀತಿದ್ದೀನಲ್ಲೇ! ನಾಯಿನ ಹಿಡ್ಕೋ!"

ಐದು ವರ್ಷದ ನಂತರದ ಮೊದಲ ಮಾತು ಅದು. ಅದು ಮಾತೆಂದು ಇಬ್ಬರಿಗೂ ಆಗ ಹೊಳೆಯಲಿಲ್ಲ. ಮೀನು ಒಳಗೆ ಬಿದ್ದು ಪಟಪಟಿಸಿತು. ಸಾಹೇಬ ಅದರ ಮೇಲೆ ಬೊಗಳುತ್ತ ಬೊಗಳುತ್ತ ಹಿಮ್ಮೆಟ್ಟಿ ನೀರಿಗೇ ಬಿದ್ದ. ಇಬ್ಬರೂ ಸೇರಿ ಕುತ್ತಿಗೆ ಹಿಡಿದು ಎಳೆದರು. ಅವನು ಮೈ ಒದರಿ ಇಬ್ಬರನ್ನೂ ತೋಯಿಸಿದ. ಅಕ್ಕ ಮೀನನ್ನು ಅಂಗೈಯಲ್ಲಿಟ್ಟುಕೊಂಡು, "ನಾನೂರ ಹತ್ತು ಗ್ರಾಂ," ಎಂದಳು. ಆಮೇಲೆ ಯಾರೂ ಅವಳಿಂದ ಕೇಳಿರದ ಮಾತು ಬಂತು: "ಎಷ್ಟು ಮುದ್ದಾಗಿದೆಯಲ್ಲೇ!"

ತಮ್ಮನ ಹೆಂಡತಿ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಳು.

ಸಂಜೆಯ ಹೊತ್ತಿಗೆ ಹನ್ನೊಂದು ಮೀನು. ಕಟ್ಟೆಗೆ ಬಂದು, ಎಲ್ಲವನ್ನೂ ಮೀನಂಗಡಿಯವನಿಗೆ ಕೊಟ್ಟು, ಒಬ್ಬರು ಎಡಕ್ಕೆ ಒಬ್ಬರು ಬಲಕ್ಕೆ ಮುಖ ತಿರುಗಿಸಿ ಮನೆಗೆ ನಡೆದರು.

* * *

"ಪ್ರತಿ ಭಾನುವಾರ ತಪ್ಪಿಸ್ತಿರಲಿಲ್ಲ," ಮೀನಂಗಡಿಯವನು ಮೂಗೊರೆಸಿಕೊಂಡ. "ಭಾನುವಾರ ಇವರಿಬ್ಬರು ತಂದು ಕೊಡೋರು. ಸೋಮವಾರ ನೀವು ಬಂದು ಅದನ್ನೇ ಕೊಂಡ್ಕೊಂಡು ಹೋಗೋರು."

ತಮ್ಮನ ಮುಖ ಮೂರು ಬಣ್ಣ ಬದಲಿಸಿತು. ಅಕ್ಕ ಪ್ರತಿ ಸೋಮವಾರ ಅವನ ಮೀನನ್ನು ಮುಟ್ಟದೆಯೇ, ದೂರದಿಂದಲೇ ಗ್ರಾಂ ಲೆಕ್ಕದಲ್ಲಿ ತೂಕ ಹೇಳುತ್ತಿದ್ದುದರ ಗುಟ್ಟು ಅವನಿಗೆ ಈಗ ತಿಳಿಯಿತು.

"ಹಾಗಾದ್ರೆ... ನಂಗ್ಯಾಕೆ ಹೇಳಲಿಲ್ಲ? ನಾನು ಮಧ್ಯೆ ನಿಂತು ಟ್ಯಾಂಕು, ನೀರು ಅಂತ ಎರಡು ವರ್ಷದಿಂದ ಮೆಟ್ಟಿಲು ಹತ್ತಿಳೀತಿದ್ದೀನಿ!"

"ಮಾತಾಡ್ತೀವಿ ಅಂತ ಗೊತ್ತಾಗಿದ್ರೆ ನೀವೂ ದೋಣಿಗೆ ಬರ್ತಿದ್ರಿ," ಎಂದಳು ಹೆಂಡತಿ. "ಬಂದು, ಮೀನು ಹಿಡಿಯೋದು ಹೇಗೆ ಅಂತ ನಮಗೆ ಹೇಳಿಕೊಡ್ತಿದ್ರಿ. ಅತ್ತಿಗೆ ಅದೊಂದು ಬೇಡ ಅಂದ್ರು."

ಪೋಸ್ಟ್‌ಮ್ಯಾನ್ ಫಕ್ಕನೆ ನಕ್ಕುಬಿಟ್ಟ. ಒಬ್ಬರ ನಗು ಇನ್ನೊಬ್ಬರಿಗೆ ಹತ್ತಿಕೊಂಡಿತು. ಅವಳೂ ನಗಲು ಹೋದಳು, ಆದರೆ ಬಂದದ್ದು ಬೇರೆ. ಚಿಕ್ಕಮ್ಮ ಪಕ್ಕಕ್ಕೆ ಸರಿದು, ಅವಳ ಮೊಣಕೈ ಹಿಡಿದು ಗುಂಡಿಯ ಅಂಚಿಗೆ ಕರೆದೊಯ್ದಳು. ಅವಳು ಎರಡೂ ಕೈ ತುಂಬ ಮಣ್ಣು ತೆಗೆದುಕೊಂಡಳು. ತುಂಬ ಹೊತ್ತು ಹಾಕಲಿಲ್ಲ.

ಸಂಜೆ ನೆಂಟರೆಲ್ಲ ಹೋದ ಮೇಲೆ ಅವಳು ಸೀರೆಯನ್ನೂ ಬದಲಿಸದೆ ಕಟ್ಟೆಗೆ ನಡೆದಳು. ಇಪ್ಪತ್ತು ಹೆಜ್ಜೆ ಹಿಂದೆ ಗಂಡ.

"ನಾನೂ ಬರ್ಲಾ?"

ಅವಳು ಯೋಚಿಸಿದಳು. "ಮಾತಾಡಬಾರದು."

"ಇಲ್ಲ."

ಅವನು ದೋಣಿಗಿಳಿದು ಮುಂದಿನ ಹಲಗೆಯ ಮೇಲೆ ಕೂರಲು ಹೋದ.

"ಅಲ್ಲಿ ಬೇಡ. ಈ ಕಡೆ ಬನ್ನಿ."

ಅವನು ಬಂದು, ಮೋಟಾರಿನ ಪಕ್ಕದ ಗೇಣಗಲದ ಜಾಗದಲ್ಲಿ ಅವಳಿಗೆ ಒತ್ತಿಕೊಂಡು ಕೂತ. ಅವಳು ಹಗ್ಗ ಎಳೆದಳು. ಇಬ್ಬರ ಭಾರಕ್ಕೆ ಹಿಂಬದಿ ತಗ್ಗಿತು. ಯಾರೂ ಕೂರದ ಮುಂಬದಿ ನೀರಿನಿಂದ ಮೇಲೆದ್ದಿತು. ದೋಣಿ ಮೂತಿಯನ್ನು ಗಾಳಿಗೆತ್ತಿಕೊಂಡು ಕೊಲ್ಲಿಯ ಕಡೆ ಹೊರಟಿತು.